ನನ್ನ ಕಾರ್ಡಿನಲ್ಲಿ ಆಡಿದವನು

ಸೆಪ್ಟೆಂಬರ್ 3

ತಮ್ಮಾ,

ಕೆಟ್ಟ ಸುದ್ದಿ ಒಂದು, ಅದಕ್ಕಿಂತ ಕೆಟ್ಟ ಸುದ್ದಿ ಇನ್ನೊಂದು. ಸೀಸನ್ನಿನ ಮೊದಲ ಪಂದ್ಯದಲ್ಲೇ ಗಿರಣಿ ತಂಡದವರು ನಮಗೆ ನಾಲ್ಕು ಗೋಲು ಬಾರಿಸಿದರು, ನಮ್ಮದು ಸೊನ್ನೆ. ಅದಕ್ಕಿಂತ ಕೆಟ್ಟದ್ದೆಂದರೆ ನಮ್ಮ ಕಡೆ ಮೈದಾನಕ್ಕಿಳಿದದ್ದು ಹತ್ತೇ ಜನ. ಹನ್ನೊಂದನೆಯವನು ನಾದಿನಿಯ ಮದುವೆಗೆ ಹೋಗಿದ್ದ. ಮದುವೆಯನ್ನು ಒಂದು ವಾರ ಮುಂದಕ್ಕೆ ಹಾಕಲು ಆಗುತ್ತಿರಲಿಲ್ಲವೇನಯ್ಯ ಎಂದು ಕೇಳಿದ್ದಕ್ಕೆ ನನ್ನನ್ನೇ ಹುಚ್ಚನೆಂದ.

ನಮ್ಮ ಗೋಲ್‌ಕೀಪರ್ ಏಣಿ ಗೊತ್ತಲ್ಲ, ಆರಡಿ ಮೂರಂಗುಲ. ಮೂರು ಗೋಲು ಅವನ ಕಾಲಸಂದಿಯಲ್ಲೇ ಹೋದವು. ಬಿಸಿಲು ಕಣ್ಣಿಗೆ ಹೊಡೆಯಿತಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಿರಣಿಯವರು ಗೆರೆ ಕಾಯಲು ಈ ವರ್ಷವೂ ತಮ್ಮ ಮುದಿ ಮೇಷ್ಟರನ್ನೇ ಕೊಟ್ಟಿದ್ದಾರೆ. ನೀನು ಊರು ಬಿಟ್ಟ ಮೇಲೆ ಬಂದವರು, ನೀನು ನೋಡಿಲ್ಲ. ಅವರು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಚೆಂಡು ಆಚೆ ಹೋಗಿರುತ್ತದೆ. ನಮ್ಮ ಕಡೆಯಿಂದ ಬಾವುಟ ಹಿಡಿದವನು ನಾನೇ. ಕಾರ್ಯದರ್ಶಿಯೂ ನಾನೇ, ಗೋಲುಕಂಬ ವೆಲ್ಡಿಂಗ್ ಮಾಡಿದವನೂ ನಾನೇ. ಇನ್ನು ಚೆಂಡಾಗುವುದೊಂದು ಬಾಕಿ.

ಈ ವರ್ಷ ಕೊನೆಯ ಎರಡು ತಂಡಗಳನ್ನು ಲೀಗಿನಿಂದಲೇ ಕೈಬಿಡುತ್ತಾರಂತೆ. ನಮ್ಮ ಕೆಳಗೆ ಬೇರೆ ದರ್ಜೆ ಇದೆಯೇ? ಬಿದ್ದರೆ ಬಯಲೇ ಗತಿ. ಅಪ್ಪ ಕಟ್ಟಿದ ತಂಡ ನನ್ನ ಕೈಯಲ್ಲಿ ಮುಳುಗಿತು ಎಂದಾಗಬಾರದು. ಲೀಗಿಗೆ ಹದಿನೈದು ಆಟಗಾರರ ನೋಂದಣಿ ಕಾರ್ಡು ತೋರಿಸಬೇಕಿತ್ತು, ನಿನ್ನದನ್ನೂ ಸೇರಿಸಿ ಹದಿನೈದು ಮಾಡಿದೆ. ಹದಿನೇಳು ವರ್ಷದಿಂದ ಮಾಡಿಸುತ್ತಿರುವುದೇ, ಹೊಸದೇನಲ್ಲ.

ನಿಮ್ಮ ಊರಿನ ನೀಲಿ ತಂಡದವರು ಮೇಲಿನ ದರ್ಜೆಯಲ್ಲಿ ಹೇಗಿದ್ದಾರೆ? ಟಿಕೆಟ್ಟಿಲ್ಲದೆ ಸ್ಟೇಡಿಯಂನಲ್ಲಿ ಕೂತು ನೋಡುವ ಭಾಗ್ಯ ನಿನ್ನದು, ಬರೆ. ಫೋನು ಬೇಡ. ಫೋನಿನಲ್ಲಿ ನಾವಿಬ್ಬರೂ ಎರಡನೆಯ ನಿಮಿಷಕ್ಕೇ ಕಚ್ಚಾಡುತ್ತೇವೆ.

ಅಣ್ಣ

ಸೆಪ್ಟೆಂಬರ್ 19

ಅಣ್ಣಾ,

ಭಾಗ್ಯವಂತೆ ಭಾಗ್ಯ! ದೊಡ್ಡ ಸ್ಟ್ಯಾಂಡಿನಲ್ಲಿ ನಾಲ್ಕು ಲಿಫ್ಟುಗಳಿವೆ. ಪಂದ್ಯದ ದಿನ ಲಿಫ್ಟ್ ಕಂಪನಿಯ ಮೆಕ್ಯಾನಿಕ್ ಒಬ್ಬ ಅಲ್ಲೇ ಇರಬೇಕು, ಆ ಒಬ್ಬ ನಾನು. ಮೇಲಿನ ಮೋಟಾರು ಕೋಣೆಯ ಕಿಟಕಿಯಿಂದ ನನಗೆ ಕಾಣುವುದು ಮೈದಾನದ ಎಡಮೂಲೆಯ ಬಾವುಟ, ಅದರ ಸುತ್ತ ನಾಲ್ಕು ಮಾರು ಹುಲ್ಲು, ಅಷ್ಟೇ. ಕಾರ್ನರ್ ಹೊಡೆಯಲು ಯಾರಾದರೂ ಬಂದರೆ ಅವನ ಬೆನ್ನು ನೋಡಿ ಪುಣ್ಯ ಕಟ್ಟಿಕೊಳ್ಳುತ್ತೇನೆ. ಉಳಿದದ್ದೆಲ್ಲ ಕಿವಿಯ ಮೇಲೆ. ಜನ ಎದ್ದು ಕೂಗಿದರೆ ಗೋಲು, ತಾಯಿ ತಂದೆಯನ್ನೆಲ್ಲ ತಂದು ಬೈದರೆ ಗೋಲು ತಪ್ಪಿತು. ಈ ಸೀಸನ್ನಿನಲ್ಲಿ ಬೈಗುಳವೇ ಹೆಚ್ಚು. ಕೋಟಿಗಟ್ಟಲೆ ಸುರಿದು ತಂದ ಫಾರ್ವರ್ಡ್ ಆರು ಪಂದ್ಯಕ್ಕೆ ಒಂದು ಗೋಲು ಹೊಡೆದಿದ್ದಾನೆ, ಅದೂ ಬೆನ್ನಿಗೆ ತಗುಲಿ ಹೋದದ್ದು.

ನಿನ್ನ ಕಾಲಿಗೆ ಬೀಳುತ್ತೇನೆ, ನನ್ನ ಕಾರ್ಡು ಕಿತ್ತುಹಾಕು. ನನಗೆ ನಲವತ್ತೊಂದು. ಮೆಟ್ಟಿಲು ಹತ್ತಿದರೆ ಮೊಣಕಾಲು ಲಟಕ್ ಎನ್ನುತ್ತದೆ. ಅದಕ್ಕೇ ಲಿಫ್ಟ್ ರಿಪೇರಿಗೆ ಸೇರಿದ್ದು ಎಂದು ನನ್ನ ಹೆಂಡತಿಯೇ ಆಡಿಕೊಳ್ಳುತ್ತಾಳೆ. ಹೊಸ ಹುಡುಗರನ್ನು ಸೇರಿಸಿಕೋ.

ಸಂಜೆ ಹೊತ್ತು ಒಂದು ಕೆಲಸ ಮಾಡುತ್ತಾ ಬಂದಿದ್ದೇನೆ. ಏನೆಂದು ಈಗ ಹೇಳುವುದಿಲ್ಲ. ಹೇಳಿದರೆ ನೀನು ನಗುತ್ತೀಯ, ನನಗೆ ಸಿಟ್ಟು ಬರುತ್ತದೆ. ಆದಮೇಲೆ ಹೇಳುತ್ತೇನೆ.

ತಮ್ಮ

ಅಕ್ಟೋಬರ್ 14

ತಮ್ಮಾ,

ಕೂತಿದ್ದೀಯಾ? ಕೂತುಕೊಂಡೇ ಓದು. ಎರಡು ಪಂದ್ಯ ಗೆದ್ದೆವು! ಬಂದರಿನವರಿಗೆ ಮೂರು–ಒಂದು, ರೈಲ್ವೆಯವರಿಗೆ ಎರಡು–ಸೊನ್ನೆ. ರೈಲ್ವೆಯವರ ಕಾರ್ಯದರ್ಶಿ ನನ್ನ ಕೈ ಕುಲುಕಿ, ಏನ್ರೀ ನಿಮ್ಮವರಿಗೆ ಏನು ತಿನ್ನಿಸಿದಿರಿ ಎಂದು ಕೇಳಿದ.

ಒಬ್ಬ ಸಿಕ್ಕಿದ್ದಾನೆ. ಇಟ್ಟಿಗೆ ಗೂಡಿನಲ್ಲಿ ಲಾರಿಗೆ ಲೋಡು ಮಾಡುವವನು, ಎರಡು ಜಿಲ್ಲೆ ಆಚೆಯವನು. ನನ್ನ ವರ್ಕ್‌ಶಾಪಿಗೆ ಮುರಿದ ತಳ್ಳುಗಾಡಿ ತಂದಿದ್ದ. ವೆಲ್ಡಿಂಗ್ ಆಗುವವರೆಗೆ ಅಂಗಳದಲ್ಲಿದ್ದ ಹಳೆ ಚೆಂಡನ್ನು ಗೋಡೆಗೆ ಒದೆಯುತ್ತಾ ನಿಂತ. ಆ ಸದ್ದು ಕೇಳಿ ನಾನು ಕೆಲಸ ನಿಲ್ಲಿಸಿದೆ. ಕಾಲೋ, ಸುತ್ತಿಗೆಯೋ! ಹುಡುಗರು ಅವನನ್ನು ಗೂಳಿ ಎನ್ನುತ್ತಾರೆ. ತಲೆ ತಗ್ಗಿಸಿಕೊಂಡು ನುಗ್ಗುತ್ತಾನೆ, ಎದುರಿಗೆ ಸಿಕ್ಕವರು ತಾವಾಗಿಯೇ ಸರಿಯುತ್ತಾರೆ. ಐದರಲ್ಲಿ ನಾಲ್ಕು ಗೋಲು ಅವನದೇ. ಮಾತಿಲ್ಲ ಕತೆಯಿಲ್ಲ. ಗೋಲು ಹೊಡೆದರೂ ನಗುವುದಿಲ್ಲ ಮಾರಾಯ.

ಬೇಸಿಗೆಯಿಂದ ವರ್ಕ್‌ಶಾಪಿಗೆ ಬರುವವರೆಲ್ಲ ತಂಡ ಇನ್ನೂ ಇದೆಯಾ ಎಂದು ಕೇಳುತ್ತಿದ್ದರು. ಈಗ ಮುಂದಿನ ಪಂದ್ಯ ಯಾವಾಗ ಎನ್ನುತ್ತಾರೆ. ನಿನಗೆ ಅದರ ಬೆಲೆ ಗೊತ್ತಾಗುವುದಿಲ್ಲ, ನೀನಿರುವುದು ಐವತ್ತು ಸಾವಿರ ಜನ ಕೂಗುವ ಕಡೆ. ಇಲ್ಲಿ ಅರವತ್ತು ಜನ ಬಂದರೆ ನನಗೆ ಕಣ್ಣು ತುಂಬುತ್ತದೆ.

ಅಣ್ಣ

ಅಕ್ಟೋಬರ್ 30

ಅಣ್ಣಾ,

ಖುಷಿಯಾಯಿತು. ನಿಜವಾಗಿಯೂ. ಮೋಟಾರು ಕೋಣೆಯಲ್ಲಿ ನಿನ್ನ ಕಾಗದವನ್ನು ಎರಡು ಸಲ ಓದಿದೆ, ಕೆಳಗೆ ನೀಲಿಯವರು ಸೋಲುತ್ತಿದ್ದರು, ನಾನು ನಿನ್ನ ಗೂಳಿಯ ಜೊತೆ ಗೆಲ್ಲುತ್ತಿದ್ದೆ.

ಒಂದು ಅನುಮಾನ. ಹೊಸ ಆಟಗಾರರ ನೋಂದಣಿ ಆಗಸ್ಟಿನಲ್ಲೇ ಮುಗಿಯುತ್ತದಲ್ಲ? ಮೇಲಾಗಿ ಹೊರ ಜಿಲ್ಲೆಯವನು ನಮ್ಮ ಲೀಗಿನಲ್ಲಿ ಆಡುವಂತಿಲ್ಲ. ಅವನಿಗೆ ಕಾರ್ಡು ಹೇಗೆ ಮಾಡಿಸಿದೆ? ನಿಯಮ ಬದಲಾಗಿದ್ದರೆ ಸರಿ.

ನೀನು ಯಾವಾಗಲೂ ಪತ್ರಿಕೆಯ ಆಟದ ಪುಟ ಕತ್ತರಿಸಿ ಕಳಿಸುತ್ತಿದ್ದೆ, ಈ ಸಲ ಯಾಕೆ ಇಲ್ಲ? ಗೆದ್ದಾಗಲೇ ಕಳಿಸದಿದ್ದರೆ ಹೇಗೆ? ಗೋಲು ಹೊಡೆದವರ ಪಟ್ಟಿಯಲ್ಲಿ ನಮ್ಮ ತಂಡ ನೋಡಿ ಎಷ್ಟೋ ವರ್ಷವಾಯಿತು.

ತಮ್ಮ

ಡಿಸೆಂಬರ್ 8

ತಮ್ಮಾ,

ಬರೆಯಲು ತಡವಾಯಿತು. ಒಂದು ಶಾಲೆಯ ಗೇಟು, ಎರಡು ಅಂಗಡಿಯ ಷಟರು, ಕೈಗೆ ಬಿಡುವಿರಲಿಲ್ಲ.

ಪತ್ರಿಕೆಯವರು ಈಗ ಗೋಲು ಹೊಡೆದವರ ಹೆಸರು ಹಾಕುವುದನ್ನೇ ನಿಲ್ಲಿಸಿದ್ದಾರೆ, ಜಾಗವಿಲ್ಲವಂತೆ. ಕಾರ್ಡಿನ ವಿಷಯ ಎಲ್ಲ ಸರಿಹೋಗಿದೆ, ನೀನು ತಲೆ ಕೆಡಿಸಿಕೊಳ್ಳಬೇಡ. ಒಟ್ಟು ಹತ್ತು ತಂಡದಲ್ಲಿ ನಾವೀಗ ಆರನೆಯವರು. ಗೊತ್ತಾಯಿತೇ, ಆರು!

ಆದರೆ ಹೋದ ತಿಂಗಳು ಗಿರಣಿಯವರ ಮೇಲೆ ಆಡುವಾಗ ಸ್ವಲ್ಪ ಗಲಾಟೆಯಾಯಿತು. ನಮ್ಮ ಹುಡುಗನೊಬ್ಬ ಹೊಡೆದ ಗೋಲಿಗೆ ಆ ಮೇಷ್ಟರು ಆಫ್‌ಸೈಡ್ ಎಂದು ಬಾವುಟ ಎತ್ತಿದರು. ಆಫ್‌ಸೈಡ್ ಆಗಿರಲಿಲ್ಲ, ನನ್ನ ಕಣ್ಣಾಣೆಗೂ ಇಲ್ಲ. ಹುಡುಗ ಓಡಿ ಹೋಗಿ ಹಣೆಯಿಂದ ಅವರ ಬಾಯಿಗೆ ಗುದ್ದಿಬಿಟ್ಟ. ಎರಡು ಹಲ್ಲು ಹೋದವು. ನಾನೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಮುದುಕರು ಕರವಸ್ತ್ರದಲ್ಲಿ ಹಲ್ಲು ಕಟ್ಟಿಕೊಂಡು ಕೂತಿದ್ದರು, ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹುಡುಗನಿಗೆ ಏನೋ ಶಿಕ್ಷೆ ಆಗಿದೆ. ಇರಲಿ ಬಿಡು, ಆಟ ಅಂದಮೇಲೆ ಇದ್ದದ್ದೇ. ನಿನ್ನ ಸಂಜೆಯ ಕೆಲಸದ ಗುಟ್ಟು ಇನ್ನೂ ಬಿಡಲಿಲ್ಲ?

ಅಣ್ಣ

ಡಿಸೆಂಬರ್ 20

ಅಣ್ಣಾ,

ಇರಲಿ ಬಿಡು ಎನ್ನುತ್ತೀಯಲ್ಲ, ಹೇಗೆ ಇರಲಿ? ಬಾವುಟ ಹಿಡಿದು ನಿಂತ ಮುದುಕರಿಗೆ ಹೊಡೆಯುವುದು ಆಟವೇ? ಅವರು ತಪ್ಪು ಬಾವುಟ ಎತ್ತಿರಲಿ, ಹತ್ತು ಸಲ ಎತ್ತಿರಲಿ. ನಾನು ಸಮಿತಿಯಲ್ಲಿದ್ದರೆ ಅಂಥವನನ್ನು ಎರಡು ವರ್ಷ ಮೈದಾನದ ಬೇಲಿಯ ಹತ್ತಿರವೂ ಬಿಡುತ್ತಿರಲಿಲ್ಲ. ಯಾರವನು? ಗೂಳಿಯೇ ಇರಬೇಕು. ಹೆಸರು ಬರೆಯದೆ 'ಹುಡುಗನೊಬ್ಬ' ಎಂದು ಮುಚ್ಚಿದ್ದೀಯ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಅವನನ್ನು ಮನೆಗೆ ಕಳಿಸು. ಆರನೆಯ ಜಾಗ ಹೋದರೆ ಹೋಗಲಿ.

ಜನವರಿಯಲ್ಲಿ ನಿನಗೊಂದು ಒಳ್ಳೆಯ ಸುದ್ದಿ ಇದೆ. ಇಷ್ಟು ದಿನ ಹೇಳದಿದ್ದದ್ದಕ್ಕೆ ಬೈಯಬೇಡ.

ತಮ್ಮ

ಜನವರಿ 17

ಅಣ್ಣಾ,

ಒಳ್ಳೆಯ ಸುದ್ದಿ ಏನಾಗಿತ್ತು ಎಂದು ಮೊದಲು ಹೇಳಿಬಿಡುತ್ತೇನೆ. ಎರಡು ವರ್ಷದಿಂದ ಸಂಜೆ ನೀಲಿಯವರ ಅಭ್ಯಾಸದ ಮೈದಾನದಲ್ಲಿ ಹದಿನಾಲ್ಕು ವರ್ಷದೊಳಗಿನ ಹುಡುಗಿಯರಿಗೆ ಆಟ ಹೇಳಿಕೊಡುತ್ತಿದ್ದೇನೆ, ಪುಕ್ಕಟೆ. ಅವರು ನನ್ನನ್ನು ಲಿಫ್ಟ್ ಮಾಮ ಎನ್ನುತ್ತಾರೆ. ಡಿಸೆಂಬರಿನಲ್ಲಿ ಕ್ಲಬ್ಬಿನ ಕಿರಿಯರ ವಿಭಾಗದ ಮುಖ್ಯಸ್ಥರು ಕರೆದು, 'ಇದೇ ಕೆಲಸ ಕಾಯಂ ಮಾಡ್ಕೊಳ್ರಿ, ಲಿಫ್ಟ್ ಬಿಟ್ಬಿಡಿ' ಎಂದರು. ಫುಟ್ಬಾಲ್ ಒಕ್ಕೂಟದಿಂದ ತರಬೇತುದಾರರ ಪರವಾನಗಿ ತಂದರೆ ಸಾಕಿತ್ತು. ಮೇಲಿನ ದರ್ಜೆಯ ಕ್ಲಬ್ಬಿನಲ್ಲಿ ನಾನು! ಕುಂಟುವ ಕಾಲಿನವನು ಏನು ಕಲಿಸುತ್ತಾನೆ ಎಂದು ನೀನು ನಗುತ್ತೀಯ ಎಂದು ಹೇಳಿರಲಿಲ್ಲ. ಪರವಾನಗಿಯನ್ನೇ ಕೈಯಲ್ಲಿ ಹಿಡಿದು ಬರಬೇಕೆಂದಿದ್ದೆ.

ಮೊನ್ನೆ ಒಕ್ಕೂಟದ ಕಚೇರಿಗೆ ಹೋದೆ. ಹಳ್ಳಿ ಲೀಗಿನಿಂದ ಮೇಲಿನ ದರ್ಜೆಯವರೆಗೆ ಎಲ್ಲರ ಹೆಸರೂ ಅಲ್ಲಿ ಒಂದೇ ಕಂಪ್ಯೂಟರಿನಲ್ಲಿದೆ. ಗುಮಾಸ್ತ ನನ್ನ ವಿವರ ಒತ್ತಿ ನನ್ನ ಮುಖವನ್ನೇ ನೋಡಿದ.

'ನಿಮ್ಮ ಮೇಲೆ ಎರಡು ವರ್ಷ ನಿಷೇಧ ಇದೆಯಲ್ಲಾ ಸಾರ್. ಫುಟ್ಬಾಲಿಗೆ ಸಂಬಂಧಪಟ್ಟ ಯಾವ ಕೆಲ್ಸನೂ ಮಾಡಂಗಿಲ್ಲ.'

'ಯಾರ ಮೇಲೆ?'

'ನಿಮ್ಮ ಮೇಲೇನೇ. ಈ ಸೀಸನ್ ಎಂಟು ಗೋಲು ಹೊಡ್ದಿದೀರಿ. ನವೆಂಬರ್ ಇಪ್ಪತ್ಮೂರು, ಲೈನ್ಸ್‌ಮನ್ ಬಾಯಿಗೆ ಗುದ್ದಿದೀರಿ, ಎರಡು ಹಲ್ಲು.'

ನನಗೆ ನಗು ಬಂತು ಅಣ್ಣಾ. 'ಸಾರ್, ನಿಮ್ಮ ಮೂರನೇ ಮಹಡಿ ಹತ್ತೋದಕ್ಕೇ ನಂಗೆ ಕಾಲು ಗಂಟೆ ಆಯ್ತು' ಎಂದೆ. ಅವನು ಪರದೆಯನ್ನು ನನ್ನ ಕಡೆ ತಿರುಗಿಸಿದ. ಅಲ್ಲಿ ನನ್ನ ಇಪ್ಪತ್ತನಾಲ್ಕನೇ ವಯಸ್ಸಿನ ಫೋಟೊ. ಮಸುಕಾಗಿ ಹೋಗಿದೆ, ಅದರಲ್ಲಿ ಯಾರನ್ನು ಬೇಕಾದರೂ ಕಾಣಬಹುದು. ಆಗ ನಗು ನಿಂತಿತು.

ಎಂಟು ಗೋಲು ನಾನು ಹೊಡೆದೆ. ನಾನು ಬಾಯಿಗೆ ಬಂದ ಹಾಗೆ ಬೈದು ಎರಡು ವರ್ಷ ಹೊರಗಿಡು ಎಂದೆನಲ್ಲ, ಆ ಕಟುಕನೂ ನಾನೇ. ನೀನು ಅದನ್ನು ಓದಿದೆ, ಸುಮ್ಮನಿದ್ದೆ. ಎರಡು ದಿನದಲ್ಲಿ ಐದು ಸಲ ಫೋನು ಮಾಡಿದೆ, ನೀನು ಎತ್ತುತ್ತಿಲ್ಲ. ಬರೆದು ಹೇಳು. ಯಾಕೆ ಮಾಡಿದೆ?

ತಮ್ಮ

ಜನವರಿ 25

ತಮ್ಮಾ,

ಫೋನು ಎತ್ತಲು ಧೈರ್ಯ ಬರಲಿಲ್ಲ. ನಿಜ, ಅವನನ್ನು ನಿನ್ನ ಕಾರ್ಡಿನಲ್ಲಿ ಆಡಿಸಿದೆ. ಆ ಕಾರ್ಡು ಹದಿನೇಳು ವರ್ಷ ನನ್ನ ಮೇಜಿನ ಖಾನೆಯಲ್ಲಿ ಸುಮ್ಮನೆ ಕೂತಿತ್ತು. ನಮ್ಮ ಲೀಗಿನಲ್ಲಿ ಇದನ್ನು ಮಾಡದ ತಂಡ ಒಂದು ತೋರಿಸು. ಬಂದರಿನವರ ಗೋಲ್‌ಕೀಪರ್ ಸತ್ತು ಮೂರು ವರ್ಷವಾಯಿತು, ಪ್ರತಿ ಭಾನುವಾರ ಎದ್ದು ಬಂದು ಆಡುತ್ತಾನೆ. ಗೂಳಿ ಬೆಂಕಿಯ ಮುಂದೆ ಬೆಂದವನು, ಇಪ್ಪತ್ತೆಂಟಕ್ಕೇ ನಲವತ್ತರವನಂತೆ ಕಾಣುತ್ತಾನೆ. ಯಾರೂ ಏನೂ ಕೇಳಲಿಲ್ಲ.

ನಿನ್ನ ಹೆಸರಿಗೆ ಅಲ್ಲಿ ಏನು ಕೆಲಸ ಎಂದುಕೊಂಡಿದ್ದೆ. ನೀನು ಲಿಫ್ಟ್ ರಿಪೇರಿಯವನು, ಫುಟ್ಬಾಲಿಗೂ ನಿನಗೂ ಸಂಬಂಧ ಬಿಟ್ಟು ಕಾಲವಾಯಿತು ಎಂದು ತಿಳಿದಿದ್ದೆ. ಕಾರ್ಡು ಕಿತ್ತುಹಾಕು ಎಂದು ನೀನೇ ಬರೆದಿರಲಿಲ್ಲವೇ? ಪರವಾನಗಿಯ ಮಾತು ಒಂದು ಸಾಲು ಬರೆದಿದ್ದರೆ ನಾನು ಆ ಕಾರ್ಡನ್ನು ಮುಟ್ಟುತ್ತಿದ್ದೆನೇ? ನಗುತ್ತೇನೆಂದು ಹೇಳಲಿಲ್ಲವಂತೆ. ನಾನೇನು ನಿನ್ನ ಶತ್ರುವೇ?

ಗೂಳಿ ಗುದ್ದಿದ ಮಾರನೆಯ ದಿನವೇ ಗೂಡು ಬಿಟ್ಟು ಹೋದ, ಎಲ್ಲಿದ್ದಾನೋ ಗೊತ್ತಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು ನಿನ್ನ ಪಾಡು. ನನಗೆ ಊಟ ಸೇರುತ್ತಿಲ್ಲ. ಏನಾದರೂ ಮಾಡೋಣ, ಸ್ವಲ್ಪ ತಾಳು. ಇನ್ನು ಮೂರೇ ಪಂದ್ಯ ಉಳಿದಿವೆ.

ಅಣ್ಣ

ಫೆಬ್ರವರಿ 2

ಅಣ್ಣಾ,

ತಾಳಲು ದಿನವಿಲ್ಲ. ಶಿಕ್ಷೆಯ ಮರುಪರಿಶೀಲನೆಗೆ ಅರ್ಜಿ ಹಾಕಿದ್ದೇನೆ, ವಿಚಾರಣೆ ಫೆಬ್ರವರಿ 20ಕ್ಕೆ. ಅಲ್ಲಿಯವರೆಗೆ ಕೆಲಸವನ್ನು ಹಿಡಿದಿಡುತ್ತೇನೆ ಎಂದು ಕ್ಲಬ್ಬಿನ ಮುಖ್ಯಸ್ಥರು ಹೇಳಿದ್ದಾರೆ.

ನನ್ನ ಹತ್ತಿರ ಸಾಕ್ಷಿ ಇದೆ. ನವೆಂಬರ್ 23ರ ಮಧ್ಯಾಹ್ನ ಸ್ಟೇಡಿಯಂನ ಎರಡನೇ ಲಿಫ್ಟು ಎರಡು ಮಹಡಿಗಳ ನಡುವೆ ನಿಂತು ಒಂಬತ್ತು ಜನ ಸಿಕ್ಕಿಕೊಂಡಿದ್ದರು. ಅವರನ್ನು ಬಿಡಿಸಿದವನು ನಾನು. ರಿಜಿಸ್ಟರಿನಲ್ಲಿ ಹೊತ್ತು, ನನ್ನ ಸಹಿ, ಸ್ಟೇಡಿಯಂ ಮ್ಯಾನೇಜರರ ಸಹಿ ಎಲ್ಲ ಇದೆ. ಅದನ್ನು ಮೇಜಿನ ಮೇಲಿಟ್ಟರೆ ನಾನು ಪಾರು. ಆದರೆ ನಿನ್ನ ಕತೆ ಮುಗಿಯಿತು. ಮೋಸ ಹೊರಗಿನವರಿಂದ ಬಯಲಾದರೆ ತಂಡವನ್ನು ಅಳಿಸಿಹಾಕುತ್ತಾರೆ, ಕಾರ್ಯದರ್ಶಿಗೆ ಆಜೀವ ನಿಷೇಧ. ತಾನಾಗಿ ಬರೆದು ಒಪ್ಪಿಕೊಂಡರೆ ಆ ಪಂದ್ಯಗಳ ಪಾಯಿಂಟು ಮಾತ್ರ ಕಳೆಯುತ್ತಾರೆ ಎಂದು ಗುಮಾಸ್ತ ಹೇಳಿದ. ಅದಕ್ಕೇ ಮೊದಲು ನಿನ್ನನ್ನು ಕೇಳುತ್ತಿದ್ದೇನೆ. ನೀನೇ ಬರೆ. 'ಆಡಿದವನು ನನ್ನ ತಮ್ಮನಲ್ಲ', ಮೂರೇ ಪದ.

ಪಾಯಿಂಟು ಹೋದರೆ ಕೊನೆಯ ಎರಡರಲ್ಲಿ ಬೀಳುತ್ತೀರಿ, ಗೊತ್ತು. ಆದರೂ ಕೇಳುತ್ತೇನೆ. ಇಪ್ಪತ್ತನಾಲ್ಕರಲ್ಲಿ ಊದಿದ ಮೊಣಕಾಲಿಗೆ ಸೂಜಿ ಚುಚ್ಚಿಸಿ 'ಒಂದೇ ಒಂದು ಅರ್ಧ ಆಡು, ತಂಡ ಉಳೀತದೆ' ಎಂದವನು ನೀನು. ಆಡಿದೆ. ತಂಡ ಉಳಿಯಿತು. ಅದನ್ನು ನಾನು ಇವತ್ತಿನವರೆಗೆ ಬಾಯಿ ಬಿಟ್ಟು ಹೇಳಿಲ್ಲ, ಈಗ ಹೇಳುತ್ತಿದ್ದೇನೆ. ಕಾಲು ತೆಗೆದುಕೊಂಡೆ, ಹೆಸರನ್ನಾದರೂ ಬಿಡು.

ತಮ್ಮ

ಫೆಬ್ರವರಿ 16

ತಮ್ಮಾ,

ನಿನ್ನ ಕಾಗದ ಓದಿ ಎರಡು ದಿನ ಷಟರು ಎತ್ತಲಿಲ್ಲ. ಮೊಣಕಾಲಿನ ಮಾತು ನೀನು ಆಡಿದ್ದು ಸರಿ.

ಒಕ್ಕೂಟಕ್ಕೆ ಬರೆದಿದ್ದೇನೆ. ಹನ್ನೊಂದನೇ ತಾರೀಖೇ ರಿಜಿಸ್ಟರ್ ಅಂಚೆಯಲ್ಲಿ ಹೋಯಿತು, ರಸೀದಿ ಇದೆ. ಮೂರು ಪುಟ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಬರೆದಿರಲಿಲ್ಲ, ಎರಡು ಸಲ ತಿದ್ದಿ ಬರೆದೆ. ನಿನಗೆ ಒಳ್ಳೆಯದೇ ಆಗುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಹಾಗೆ ಮಾಡಿದ್ದೇನೆ. ನೀನು ವಿಚಾರಣೆಗೆ ಹೋಗಿ ವಿನಯವಾಗಿ ನಿಂತುಕೋ, ಹೆಚ್ಚು ಮಾತಾಡಬೇಡ.

ನಿನ್ನೆ ಕೊನೆಯ ಪಂದ್ಯ. ರೈಲ್ವೆಯವರ ಜೊತೆ ಒಂದು–ಒಂದು. ಒಂದೇ ಪಾಯಿಂಟಿನ ಅಂತರದಲ್ಲಿ ಎಂಟನೆಯವರಾಗಿ ಉಳಿದುಕೊಂಡೆವು. ಏಣಿ ಕೊನೆಯ ನಿಮಿಷದಲ್ಲಿ ಪೆನಾಲ್ಟಿ ಹಿಡಿದ, ಯಾರೂ ನಂಬುವುದಿಲ್ಲ. ಎಲ್ಲರೂ ಕುಣಿದರು. ನನಗೆ ಕುಣಿಯಲಾಗಲಿಲ್ಲ, ಬಾವುಟ ಸುತ್ತಿಕೊಂಡು ಮನೆಗೆ ಬಂದೆ.

ಅಣ್ಣ

ಫೆಬ್ರವರಿ 21

ಅಣ್ಣನವರಿಗೆ,

ನಿನ್ನೆ ವಿಚಾರಣೆ ಮುಗಿಯಿತು. ನಿಮ್ಮ ಹದಿನಾರರ ಕಾಗದ ಮನೆಗೆ ಬಂದದ್ದು ನಾನು ಅಲ್ಲಿಂದ ವಾಪಸಾದ ಮೇಲೆ.

ಸಮಿತಿಯಲ್ಲಿ ಮೂವರಿದ್ದರು. ಅಧ್ಯಕ್ಷೆ ಒಬ್ಬ ವಕೀಲೆ. ಒಬ್ಬರು ಹಿಂದೆ ರೆಫರಿಯಾಗಿದ್ದವರು. ಮೂರನೆಯವರು ಹಲ್ಲಿನ ಡಾಕ್ಟರು, ಮೇಷ್ಟರ ಹಲ್ಲಿನ ಫೋಟೊವನ್ನು ಅವರೇ ಹಿಡಿದುಕೊಂಡಿದ್ದರು. ನನ್ನ ಕೈಚೀಲದಲ್ಲಿ ಲಿಫ್ಟ್ ರಿಜಿಸ್ಟರಿನ ಆ ಪುಟದ ನಕಲು ಇತ್ತು. ತೆಗೆಯಬೇಕಾಗಿ ಬರಲಾರದು, ಅಣ್ಣ ಬರೆದಿದ್ದಾನೆ ಎಂದುಕೊಂಡಿದ್ದೆ. ಅಧ್ಯಕ್ಷೆಯ ಮುಂದೆ ನಿಮ್ಮ ಅಕ್ಷರದ ಮೂರು ಪುಟ ಕಂಡಾಗ ನನಗೆ ಎಷ್ಟು ಹಗುರವಾಯಿತು ಗೊತ್ತೇ?

'ಇದು ನಿಮ್ಮಣ್ಣನ ಅಕ್ಷರವೇ?'

'ಹೌದು ಮೇಡಂ, ಅವನದೇ.'

ಓದಿದರು. 'ನನ್ನ ತಮ್ಮನಿಗೆ ಚಿಕ್ಕಂದಿನಿಂದಲೂ ಮುಂಗೋಪ. ಅಂದು ಅವನು ಮಾಡಿದ್ದು ತಪ್ಪು, ಕಣ್ಣಾರೆ ಕಂಡಿದ್ದೇನೆ. ಆದರೆ ಮನಸ್ಸು ಚಿನ್ನ. ತಂದೆ ತೀರಿಕೊಂಡಾಗ ಒಂಬತ್ತು ವರ್ಷದವನು, ನಾನೇ ಎತ್ತಿ ಬೆಳೆಸಿದೆ. ಈ ಜಿಲ್ಲೆಯಲ್ಲಿ ಅವನಷ್ಟು ಆಟ ಬಲ್ಲವನನ್ನು ನಾನು ನೋಡಿಲ್ಲ. ಅವನು ಕಲಿಸಿದ ಹುಡುಗಿಯರು ಪುಣ್ಯವಂತರು. ಅವನ ಪರವಾಗಿ ನಾನು ಕಾಲು ಹಿಡಿದು ಕ್ಷಮೆ ಕೇಳುತ್ತೇನೆ.'

ನನ್ನ ಬಗ್ಗೆ ನೀವು ಹುಟ್ಟಿದಂದಿನಿಂದ ಆಡದ ಒಳ್ಳೆಯ ಮಾತುಗಳೆಲ್ಲ ಅದರಲ್ಲಿದ್ದವು. ಓದಿ ಮುಗಿಸಿ ಆ ತಾಯಿ ಕನ್ನಡಕ ತೆಗೆದರು. 'ಇಂಥ ಅಣ್ಣ ಎಲ್ಲರಿಗೂ ಸಿಗಲ್ಲಾರೀ. ನೀವೇನೋ ಅರ್ಜಿಯಲ್ಲಿ ನಾನಲ್ಲ ಅಂತ ಬರ್ದಿದೀರಿ. ಇವರು ಬರ್ದಿರೋದು ನಿಜವೋ ಸುಳ್ಳೋ?'

ತಂಡ ಅಳಿಸಿಹೋಗುತ್ತದೆಂದು ನಾನು ಹಿಂಜರಿಯಲಿಲ್ಲ. ಅದಕ್ಕೆಲ್ಲ ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ಆದರೆ ಅಪರಿಚಿತರ ಮುಂದೆ ನಿಂತು ನಮ್ಮಣ್ಣ ಸುಳ್ಳುಗಾರ ಎನ್ನಬೇಕಿತ್ತು, ಅದೂ ಆ ಮಾತುಗಳನ್ನು ಕೇಳಿದ ಮರುಕ್ಷಣ. ಕೈಚೀಲದ ಜಿಪ್ಪಿನ ಮೇಲೆ ಬೆರಳಿತ್ತು, ಎಳೆಯಲಾಗಲಿಲ್ಲ.

'ನಮ್ಮಣ್ಣ ಸುಳ್ಳು ಬರೆಯಲ್ಲ ಮೇಡಂ' ಎಂದೆ. 'ನಾನೇ ಹೊಡ್ದಿದ್ದು.'

ನಿಮ್ಮ ಕಾಗದ ಚೆನ್ನಾಗಿಯೇ ಕೆಲಸ ಮಾಡಿತು. ಎರಡು ವರ್ಷ ಒಂದು ವರ್ಷವಾಯಿತು. ಕ್ಲಬ್ಬಿನ ಮುಖ್ಯಸ್ಥರು ಒಂದು ವರ್ಷವನ್ನಾದರೂ ಕಾಯುತ್ತಿದ್ದರೋ ಏನೋ, ಆದರೆ ಹುಡುಗಿಯರ ತಾಯಿ ತಂದೆಯರಿಗೆ ಸುದ್ದಿ ಹೋಗಿತ್ತು. 'ಮುದುಕರ ಹಲ್ಲು ಮುರಿದೋನ ಕೈಗೆ ಹೆಣ್ಣುಮಕ್ಕಳನ್ನ ಹೇಗೆ ಬಿಡೋದು' ಎಂದು ಕೇಳಿದರಂತೆ. ಅವರು ಕೇಳಿದ್ದು ಸರಿಯಾಗಿಯೇ ಇದೆ, ನಾನಾದರೂ ಬಿಡುತ್ತಿರಲಿಲ್ಲ. ಸಂಜೆ ಮೈದಾನದ ಕಡೆ ಹೋದಾಗ ಕಾವಲುಗಾರ ಗೇಟು ತೆಗೆಯಲಿಲ್ಲ. ಒಳಗೆ ಹುಡುಗಿಯರು ಬೇರೆ ಯಾರದೋ ಸೀಟಿಯ ಸದ್ದಿಗೆ ಓಡುತ್ತಿದ್ದರು. ಗೋಲ್‌ಕೀಪರ್ ಹುಡುಗಿ ನನ್ನನ್ನು ನೋಡಿ ಕೈ ಎತ್ತಿದಳು, ಆಮೇಲೆ ಏನು ನೆನಪಾಯಿತೋ, ಇಳಿಸಿಬಿಟ್ಟಳು.

ತಂಡ ಉಳಿದದ್ದಕ್ಕೆ ಅಭಿನಂದನೆಗಳು. ಇನ್ನು ಮೇಲೆ ಬರೆಯಬೇಡಿ.

ತಮ್ಮ

ಮಾರ್ಚ್ 9

ತಮ್ಮಾ,

ಬರೆಯಬೇಡ ಎಂದಿದ್ದೀಯ. ಇದೊಂದನ್ನು ಓದಿ ಹರಿದು ಹಾಕು. ನಿಮ್ಮ ಊರಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನೀನು ನನಗೆ 'ನೀವು', 'ಅಣ್ಣನವರು' ಎಂದೆಲ್ಲ ಬರೆದಿದ್ದೆ. ಅದನ್ನು ಓದಿದ ಮೇಲೆ ವರ್ಕ್‌ಶಾಪಿನಲ್ಲಿ ನಿಲ್ಲಲಾಗಲಿಲ್ಲ.

ನಾನು ಜಾಣತನ ಮಾಡಿದೆನೆಂದುಕೊಂಡಿದ್ದೆ. ತಂಡವೂ ಉಳಿಯಲಿ, ನಿನಗೂ ಶಿಕ್ಷೆ ಕಡಿಮೆಯಾಗಲಿ ಎಂದು. ಒಂದು ವರ್ಷ ಏನು ಮಹಾ, ಕಳೆದುಹೋಗುತ್ತದೆ ಎಂದುಕೊಂಡೆ. ನಿನ್ನನ್ನು ಅಲ್ಲಿ ನಿಲ್ಲಿಸಿ ಕೇಳುತ್ತಾರೆ ಎಂದು ನನಗೆ ಹೊಳೆಯಲೇ ಇಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಇವತ್ತು ಬೆಳಿಗ್ಗೆ ಒಕ್ಕೂಟಕ್ಕೆ ಹೋದೆ. ಹೊಸದಾಗಿ ಬರೆದುಕೊಂಡು ಹೋಗಿದ್ದೆ, ಅರ್ಧ ಪುಟ. ಆಡಿದವನು ನನ್ನ ತಮ್ಮನಲ್ಲ, ಕಾರ್ಡು ಕೊಟ್ಟವನು ನಾನು, ಮೊದಲಿನ ಕಾಗದ ಸುಳ್ಳು, ತಂಡವನ್ನು ತೆಗೆದುಹಾಕಿ, ನನ್ನನ್ನು ನಿಷೇಧಿಸಿ ಎಂದು. ಎರಡು ಗಂಟೆ ಕೂರಿಸಿದ ಮೇಲೆ ಆ ವಕೀಲೆ ಮೇಡಂ ಒಳಗೆ ಕರೆದರು. ಓದಿದರು. ಕಡತದಿಂದ ಹಳೆಯ ಮೂರು ಪುಟ ತೆಗೆದು ಇದರ ಪಕ್ಕ ಇಟ್ಟರು.

'ಎರಡೂ ನಿಮ್ಮ ಅಕ್ಷರಾನೇ. ಯಾವುದನ್ನ ನಂಬ್ಲಿ ಹೇಳಿ?'

'ಇವತ್ತಿನದು ಮೇಡಂ. ದೇವರಾಣೆ.'

'ನೋಡೀ, ತಮ್ಮನ ಕೆಲಸ ಹೋಯ್ತು ಅಂತ ಅಣ್ಣ ಬಂದು ತನ್ನ ಮೇಲೆ ಹಾಕ್ಕೊಳ್ತಾನೆ, ಇಂಥದ್ದು ಎಷ್ಟು ನೋಡಿಲ್ಲ ನಾವು? ನಿಮ್ಮ ತಮ್ಮ ಇಲ್ಲೇ ನಿಂತು, ನಾನೇ ಹೊಡ್ದಿದ್ದು ಅಂತ ಒಪ್ಪಿಕೊಂಡಿದಾರೆ. ನಮ್ಮಣ್ಣ ಸುಳ್ಳು ಬರೆಯಲ್ಲ ಅಂತಾನೂ ಹೇಳಿದಾರೆ. ಹೋಗಿ, ಮನೆಗೆ ಹೋಗಿ.'

ಹೋಗಲಿಲ್ಲ, ಜಗಳ ಮಾಡಿದೆ. ಲಿಫ್ಟ್ ರಿಜಿಸ್ಟರ್ ತರಿಸಿ ನೋಡಿ ಎಂದೆ. ಅದನ್ನು ಶಿಕ್ಷೆಯಾದವನೇ ಅರ್ಜಿ ಕೊಟ್ಟು ತೋರಿಸಬೇಕು, ಹದಿನೈದು ದಿನದೊಳಗೆ ಎಂದರು. ನೀನು ಒಪ್ಪಿಕೊಂಡು ಇವತ್ತಿಗೆ ಹದಿನೇಳು ದಿನ, ಗಡುವು ಮುಗಿದು ಎರಡು ದಿನವಾಗಿದೆ. ಕಾಗದ ಕೈಗೆ ಬಂದ ಮೇಲೂ ನಾನು ಎಂಟು ದಿನ ಮನೆಯಲ್ಲೇ ಕೂತಿದ್ದೆ ತಮ್ಮಾ. ತಂಡವನ್ನು ಕೊಂದುಬಿಡಲು ಮನಸ್ಸು ಬರಲಿಲ್ಲ. ಅದನ್ನೂ ನಿನಗೆ ಹೇಳಿಬಿಡುತ್ತೇನೆ, ಇನ್ನು ಮುಚ್ಚಿಟ್ಟು ಏನು ಮಾಡಲಿ? ತಂಡಕ್ಕೆ ಏನೂ ಆಗಲಿಲ್ಲ. ಕಾರ್ಯದರ್ಶಿಗೂ ಏನೂ ಆಗಲಿಲ್ಲ. ಬೇಡಿಕೊಂಡರೂ ನನಗೆ ಶಿಕ್ಷೆ ಸಿಗಲಿಲ್ಲ.

ಅಲ್ಲಿಂದ ನಿನ್ನ ಮನೆಗೆ ಬಂದೆ. ನಿಮ್ಮ ಕಟ್ಟಡದ ಲಿಫ್ಟು ಕೆಟ್ಟಿತ್ತು, ನಾಲ್ಕು ಮಹಡಿ ಹತ್ತಿದೆ. ನಿನ್ನ ಹೆಂಡತಿ ಬಾಗಿಲನ್ನು ಅರ್ಧ ತೆಗೆದು, 'ಅವರು ಮನೇಲಿಲ್ಲ ಭಾವ' ಎಂದಳು. ಪಾಪ, ಸುಳ್ಳು ಹೇಳಿ ಅಭ್ಯಾಸವಿಲ್ಲ, ನನ್ನ ಮುಖ ನೋಡಲಿಲ್ಲ. ಬಾಗಿಲ ಪಕ್ಕದಲ್ಲಿ ನಿನ್ನ ಕೆಲಸದ ಬೂಟು ಇತ್ತು, ಒಳಗೆ ಕುರ್ಚಿ ಸರಿದ ಸದ್ದೂ ಕೇಳಿಸಿತು. 'ಆಯ್ತಮ್ಮ, ಬಂದಿದ್ದೆ ಅಂತ ಹೇಳು' ಎಂದು ಮೆಟ್ಟಿಲಿಳಿದು ಬಂದೆ.

ಅಣ್ಣ